ಈಜು ಕಲಿತರೆ ಸಾಕೇ? ಆಟಿಸಂ ಇರುವ ಮಕ್ಕಳು ಮತ್ತು ನೀರಿನ ಅಪಾಯ

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ಆಟಿಸಂ ಇದೆ, ಮಾತು ತೀರಾ ಕಡಿಮೆ. ನೀರು ಕಂಡರೆ ಅವನಿಗೆ ಬೇರೇನೂ ಬೇಡ. ಈಚೆಗೆ ಮನೆ ತುಂಬ ನೆಂಟರಿದ್ದಾಗ ಯಾರಿಗೂ ತಿಳಿಯದಂತೆ ಹೊರಗೆ ಹೋಗಿದ್ದ. ಹುಡುಕಿದಾಗ ಹತ್ತಿರದ ಕೊಳದ ದಡದಲ್ಲಿ ಕುಳಿತಿದ್ದ. ‘ಈಜು ಕಲಿಸಿಬಿಡಿ, ಚಿಂತೆ ತಪ್ಪುತ್ತದೆ’ ಎಂದು ಎಲ್ಲರೂ ಹೇಳುತ್ತಿದ್ದಾರೆ. ಅಷ್ಟು ಸಾಕೇ?

ಉತ್ತರ: ಸಾಲದಮ್ಮ. ಈಜು ಖಂಡಿತ ಕಲಿಸಿ. ಆದರೆ ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ‘ಯಾರಿಗೂ ತಿಳಿಯದಂತೆ’ ಎಂಬ ಮಾತಿನ ಮೇಲೆ. ಅವನು ಹೊಸಿಲು ದಾಟಿದ ಕ್ಷಣಕ್ಕೂ ನಿಮ್ಮಲ್ಲಿ ಒಬ್ಬರು ‘ಮಗು ಎಲ್ಲಿ?’ ಎಂದು ಕೇಳಿದ ಕ್ಷಣಕ್ಕೂ ನಡುವೆ ಎಷ್ಟು ಹೊತ್ತಾಗಿತ್ತು? ಮೊದಲು ಮುಚ್ಚಬೇಕಾದ ಕಂಡಿ ಅದು.

ಹೆದರಿಸಲು ಹೇಳುತ್ತಿಲ್ಲ, ಆದರೆ ಅಪಾಯದ ಗಾತ್ರ ಗೊತ್ತಿರಲಿ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಮರಣ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಟಿಸಂ ಇರುವ ಮಕ್ಕಳು ನೀರಿನಲ್ಲಿ ಮುಳುಗಿ ಸಾಯುವ ಸಂಭವ ಇತರ ಮಕ್ಕಳಿಗಿಂತ ಸುಮಾರು 160 ಪಟ್ಟು ಹೆಚ್ಚು. ಮರಣ ಪ್ರಮಾಣಪತ್ರದಲ್ಲಿ ಆಟಿಸಂ ಎಂದು ನಮೂದಾದ ಪ್ರಕರಣಗಳನ್ನಷ್ಟೇ ಹಿಡಿದು ಹಾಕಿದ ಲೆಕ್ಕವಾದ್ದರಿಂದ ಸಂಖ್ಯೆ ಆಚೀಚೆ ಆಗಬಹುದು. ಅಪಾಯ ಹೆಚ್ಚೆಂಬುದರಲ್ಲಿ ಅನುಮಾನವಿಲ್ಲ. 2012ರ ಇನ್ನೊಂದು ಅಧ್ಯಯನದಲ್ಲಿ, ಇಂಥ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ನಾಲ್ಕು ವರ್ಷ ದಾಟಿದ ಮೇಲೂ ಒಮ್ಮೆಯಾದರೂ ದೊಡ್ಡವರ ಕಣ್ಣು ತಪ್ಪಿಸಿ ಹೊರಟಿದ್ದರೆಂದು ಹೆತ್ತವರು ತಿಳಿಸಿದ್ದರು. ಆತಂಕವಾಗುವಷ್ಟು ಹೊತ್ತು ಕಾಣೆಯಾದವರಲ್ಲಿ ಸುಮಾರು ಕಾಲುಭಾಗದಷ್ಟು ಮಕ್ಕಳು ನೀರಿನಲ್ಲಿ ಮುಳುಗುವ ಅಪಾಯಕ್ಕೆ ತೀರ ಹತ್ತಿರ ಹೋಗಿದ್ದರು. ಈಜಲು ಕರೆದೊಯ್ದಾಗ ನೀವು ಹೇಗೂ ಪಕ್ಕದಲ್ಲೇ ಇರುತ್ತೀರಿ. ಅವನು ಒಬ್ಬನೇ, ಮೈಮೇಲಿನ ಬಟ್ಟೆಯಲ್ಲೇ, ಗುರುತಿಲ್ಲದ ನೀರಿಗಿಳಿಯುವ ದಿನಕ್ಕಾಗಿ ನಾವು ಸಿದ್ಧರಾಗಬೇಕು.

ನೆಂಟರಿದ್ದ ದಿನವೇ ಹೀಗಾದದ್ದು ಆಕಸ್ಮಿಕವಲ್ಲ. ಮನೆಯಲ್ಲಿ ಜನ ಹೆಚ್ಚಾದಷ್ಟೂ ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಿದ್ದಾರೆಂದು ಭಾವಿಸುತ್ತಾರೆ. ಅಂಥ ದಿನಗಳಲ್ಲಿ ಮಗುವಿನ ಮೇಲೆ ಕಣ್ಣಿಡುವ ಕೆಲಸವನ್ನು ಒಬ್ಬರ ಹೆಸರಿಗೇ ಒಪ್ಪಿಸಿ, ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಬದಲಾಯಿಸಿ. ‘ಈಗ ನಿನ್ನ ಸರದಿ’ ಎಂದು ಬಾಯಿಬಿಟ್ಟು ಹೇಳಬೇಕು, ಎದುರಿನವರು ‘ಸರಿ’ ಎನ್ನಬೇಕು. ಸರದಿಯಲ್ಲಿರುವವರ ಕೈಯಲ್ಲಿ ಮೊಬೈಲ್ ಇರಬಾರದು.

ಇನ್ನೊಂದನ್ನು ಗಮನಿಸಿ. ಮಗು ಹೊರಟದ್ದು ನೀರಿನ ಕಡೆಗೋ, ಗದ್ದಲದಿಂದ ದೂರಕ್ಕೋ? ಎರಡೂ ಇರಬಹುದು. ಗದ್ದಲ ತಾಳಲಾರದೆ ಹೊರಡುವ ಮಗುವಿಗೆ ಮನೆಯೊಳಗೇ ಒಂದು ಶಾಂತವಾದ ಮೂಲೆ ಬೇಕು. ನೀರಿಗಾಗಿ ಹೊರಡುವ ಮಗುವಿಗೆ ನೀರು ಬೇಕು. ನೀರಿನ ಮೇಲೆ ಬೆಳಕು ಕುಣಿಯುವ ಬಗೆ, ಮೈಯನ್ನು ಎಲ್ಲ ಕಡೆಯಿಂದಲೂ ಸಮವಾಗಿ ಒತ್ತುವ ಅದರ ಹಿಡಿತ ಅನೇಕ ಆಟಿಸಂ ಮಕ್ಕಳಿಗೆ ನೆಮ್ಮದಿ ಕೊಡುತ್ತದೆ. ಬೈದು, ಬೆದರಿಸಿ ಆ ಆಸೆಯನ್ನು ಕಿತ್ತುಹಾಕಲು ಆಗುವುದಿಲ್ಲ. ನಿಮ್ಮ ಕಣ್ಣೆದುರಿಗೆ ನೀರಾಟಕ್ಕೆ ದಿನದಲ್ಲಿ ಒಂದು ನಿಗದಿತ ಹೊತ್ತು ಇಡಿ, ಅದನ್ನು ಅವನ ದಿನಚರಿಯ ಚಿತ್ರಪಟದಲ್ಲಿ ತೋರಿಸಿ. ಆಟ ಮುಗಿದ ಕೂಡಲೇ ಟಬ್ಬು, ಬಕೆಟ್ಟು ಬರಿದು ಮಾಡಿ. ಎಳೆಯ ಮಗುವಿನ ಮೂಗು ಬಾಯಿ ಮುಚ್ಚಲು ನಾಲ್ಕು ಬೆರಳು ನೀರೂ ಬೇಕಿಲ್ಲ.

ಬಾಗಿಲಿಗೆ ಅವನ ಕೈಗೆಟುಕದ ಎತ್ತರದಲ್ಲಿ ಇನ್ನೊಂದು ಅಗುಳಿ ಹಾಕಿಸಿ. ತೆರೆದಾಗ ಸದ್ದು ಮಾಡುವ ಅಲಾರಂ ಸಾಧನ ಇನ್ನೂ ಒಳ್ಳೆಯದು. ಬೆಂಕಿ ಬಿದ್ದರೆ ದೊಡ್ಡವರು ತಕ್ಷಣ ತೆರೆಯುವಂತಿರಬೇಕು, ಬೀಗ ಜಡಿದು ಕೀಲಿ ಬಚ್ಚಿಡುವುದು ಬೇಡ. ಆವರಣದಲ್ಲೇ ಕೊಳವಿದ್ದರೆ ನಾಲ್ಕೂ ಬದಿಗೆ ಕನಿಷ್ಠ ನಾಲ್ಕು ಅಡಿ ಎತ್ತರದ ಬೇಲಿ, ತಾನಾಗಿಯೇ ಮುಚ್ಚಿಕೊಂಡು ಚಿಲಕ ಬೀಳುವ ಗೇಟು ಬೇಕು. ಬೇಲಿಯ ಪಕ್ಕದಲ್ಲಿ ಹತ್ತಲು ನೆರವಾಗುವ ಕುರ್ಚಿ, ಕಲ್ಲು ಏನೂ ಇರಬಾರದು. ಸಂಪು, ಬಾವಿಗಳ ಮುಚ್ಚಳಕ್ಕೆ ಬೀಗವಿರಲಿ.

ಆಮೇಲೆ ನೆರೆಹೊರೆ. ಮಗನ ಫೋಟೊ, ನಿಮ್ಮ ಫೋನ್ ನಂಬರು, ‘ಹೆಸರು ಕರೆದರೆ ತಿರುಗಿ ನೋಡುವುದಿಲ್ಲ, ಒಬ್ಬನೇ ಕಂಡರೆ ನಿಲ್ಲಿಸಿಕೊಂಡು ಫೋನ್ ಮಾಡಿ’ ಎಂಬ ಎರಡು ಸಾಲು, ಇಷ್ಟನ್ನು ನೀರಿನ ಹತ್ತಿರದ ಮನೆಗಳವರಿಗೆ ಮೊದಲು ಕೊಡಿ. ಅನೇಕ ಹೆತ್ತವರು ಇಲ್ಲಿಯೇ ಹಿಂಜರಿಯುತ್ತಾರೆ, ಜನ ಏನೆಂದುಕೊಳ್ಳುತ್ತಾರೋ ಎಂದು. ಏನು ಬೇಕಾದರೂ ಅಂದುಕೊಳ್ಳಲಿ. ಸ್ಥಳ ತೋರಿಸುವ ಜಿಪಿಎಸ್ ಪಟ್ಟಿಯ ಬಗ್ಗೆಯೂ ಕೇಳುತ್ತಾರೆ: ಇದ್ದರೆ ಒಳ್ಳೆಯದು, ಆದರೆ ಅದು ಮಗು ಎಲ್ಲಿದೆ ಎಂದು ಹೇಳುತ್ತದೆಯೇ ಹೊರತು ತಡೆಯುವುದಿಲ್ಲ.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ಈಜು ತರಗತಿಗೆ ಸೇರಿಸಿದೆವು. ಮುಖಕ್ಕೆ ನೀರು ತಾಗಿದರೆ ಚೀರುತ್ತಾಳೆ. ಒಮ್ಮೆ ನೀರಿಗೆ ತಳ್ಳಿಬಿಟ್ಟರೆ ಸರಿಹೋಗುತ್ತಾಳೆ ಎನ್ನುತ್ತಾರೆ ತರಬೇತುದಾರರು. ಒಪ್ಪಬಹುದೇ?

ಉತ್ತರ: ಒಪ್ಪಬೇಡಿ. ಬೇರೆ ತರಬೇತುದಾರರನ್ನು ಹುಡುಕಿ. ಒಬ್ಬರಿಗೆ ಒಬ್ಬರಂತೆ ಕಲಿಸುವವರು, ಅದೇ ಹೊತ್ತು, ಅದೇ ಕ್ರಮ, ಜನ ಕಡಿಮೆ ಇರುವ ವೇಳೆ, ಇವಿಷ್ಟು ಇದ್ದರೆ ಅರ್ಧ ದಾರಿ ಸವೆದಂತೆ. ಮುಖದ ಮಾತಿಗೆ ಬಂದರೆ, ಮೊದಲು ಒದ್ದೆ ಬಟ್ಟೆಯಿಂದ ಕೆನ್ನೆ ಒರೆಸಿ, ಆಮೇಲೆ ಗದ್ದ, ಆಮೇಲೆ ಬಾಯಿಂದ ನೀರಿನಲ್ಲಿ ಗುಳ್ಳೆ. ಯಾವ ಹಂತಕ್ಕೆ ಎಷ್ಟು ವಾರ ಎಂಬುದನ್ನು ಅವಳೇ ತೀರ್ಮಾನಿಸಲಿ. ಈಜು ಕನ್ನಡಕ ಹಾಕಿದರೆ ಕೆಲವು ಮಕ್ಕಳ ರಗಳೆ ಅಲ್ಲಿಗೇ ಮುಗಿಯುತ್ತದೆ.

ಶೈಲಿಯ ಈಜು ಕಡೆಗೆ ಬರಲಿ. ಮೊದಲು ಬರಬೇಕಾದದ್ದು ನೀರಿಗೆ ಬಿದ್ದರೆ ಅಂಗಾತ ಹೊರಳಿ ತೇಲುವುದು, ಗೋಡೆಯ ಕಡೆ ತಿರುಗುವುದು, ಅಂಚು ಹಿಡಿದು ಮೇಲೆ ಹತ್ತುವುದು. ಮೇಲ್ವಿಚಾರಣೆಯಲ್ಲಿ ದಿನದ ಉಡುಪು ತೊಡಿಸಿಯೂ ಅಭ್ಯಾಸ ಮಾಡಿಸಿ, ಒದ್ದೆ ಬಟ್ಟೆಯ ಭಾರ ಬೇರೆಯೇ ಅನುಭವ. ಒಂದು ಕೊಳದಲ್ಲಿ ಬಂದದ್ದು ಇನ್ನೊಂದರಲ್ಲಿ ಬರುತ್ತದೆಂದು ನಂಬಬೇಡಿ. ಆಟಿಸಂ ಇರುವ ಅನೇಕ ಮಕ್ಕಳಿಗೆ ಸ್ಥಳ ಬದಲಾದರೆ ಪಾಠವೂ ಹೊಸದಾಗುತ್ತದೆ. ದಡದಲ್ಲಿ ನಿಂತು ‘ಬಾ’ ಎಂದ ಮೇಲೆಯೇ ಇಳಿಯುವ ನಿಯಮವನ್ನು ಮೊದಲ ದಿನದಿಂದಲೇ, ಪ್ರತಿ ಬಾರಿಯೂ ಪಾಲಿಸಿ. ಸೂಚನೆ ಚಿಕ್ಕದಾಗಿರಲಿ, ಮಾಡಬೇಕಾದದ್ದನ್ನೇ ಹೇಳಲಿ: ‘ಓಡಬೇಡ’ ಎನ್ನುವ ಬದಲು ‘ನಿಲ್ಲು’.

ಒಂದು ಎಚ್ಚರಿಕೆ. ಕೌಶಲ ಬರುವ ಮೊದಲೇ ಭಯ ಹೋಗಿಬಿಡುತ್ತದೆ. ಆ ನಡುವಿನ ತಿಂಗಳುಗಳಲ್ಲಿ ಮಗುವಿನ ಮೇಲಿನ ನಿಗಾ ಇನ್ನಷ್ಟು ಬಿಗಿಯಾಗಿರಬೇಕು. ನೀರಿನಲ್ಲಿದ್ದಾಗ ಕೈ ಚಾಚಿದರೆ ಸಿಗುವಷ್ಟು ಹತ್ತಿರ ದೊಡ್ಡವರಿರಬೇಕು.

ಪ್ರಶ್ನೆ: ತೋಳಿಗೆ ಹಾಕುವ ಗಾಳಿಪಟ್ಟಿ ಸಾಕಲ್ಲವೇ?

ಉತ್ತರ: ಅದು ಆಟಿಕೆ. ಜಾರುತ್ತದೆ, ಗಾಳಿ ಹೋಗುತ್ತದೆ, ‘ನಾನು ತೇಲಬಲ್ಲೆ’ ಎಂಬ ಸುಳ್ಳು ಧೈರ್ಯ ಕೊಡುತ್ತದೆ. ದೋಣಿಯಲ್ಲಿ, ನದಿ ಅಥವಾ ಕಡಲ ದಡದಲ್ಲಿ ಮಗುವಿನ ತೂಕಕ್ಕೆ ಹೊಂದುವ, ಮಾನ್ಯತೆ ಪಡೆದ ಲೈಫ್ ಜಾಕೆಟ್ ಹಾಕಿಸಿ. ಅದರ ಒರಟು ಅಂಚು, ಬಿಗಿ ಪಟ್ಟಿ ಮಗುವಿಗೆ ಹಿಡಿಸದಿದ್ದರೆ ಮೊದಲು ಮನೆಯಲ್ಲೇ ದಿನಕ್ಕೆ ಐದು ನಿಮಿಷ ತೊಡಿಸಿ ರೂಢಿ ಮಾಡಿಸಿ. ಈಜುಡುಗೆ ಕಡು ಕಿತ್ತಳೆಯಂಥ ಕಣ್ಣಿಗೆ ಹೊಡೆಯುವ ಬಣ್ಣದ್ದಾಗಿರಲಿ. ತಿಳಿನೀಲಿ, ಬಿಳಿ ಬಣ್ಣಗಳು ನೀರಿನಡಿಯಲ್ಲಿ ಕಾಣುವುದೇ ಇಲ್ಲ.

ಪ್ರಶ್ನೆ: ಮಗನಿಗೆ ಆಟಿಸಂ ಜೊತೆಗೆ ಮೂರ್ಛೆರೋಗವೂ ಇದೆ. ಸ್ನಾನಕ್ಕೆ ಒಬ್ಬನನ್ನೇ ಬಿಡಬಹುದೇ? ಹದಿಮೂರು ವರ್ಷ.

ಉತ್ತರ: ಟಬ್ಬಿನಲ್ಲಿ ಬೇಡ. ಕುರ್ಚಿಯ ಮೇಲೆ ಕುಳಿತು ಶವರ್ ಅಡಿ ಸ್ನಾನ ಮಾಡಲಿ, ಬಾಗಿಲಿಗೆ ಒಳಗಿನಿಂದ ಚಿಲಕ ಬೇಡ, ಹೊರಗೆ ಸದ್ದು ಕೇಳುವಷ್ಟು ಹತ್ತಿರ ಒಬ್ಬರಿರಲಿ. ಖಾಸಗಿತನಕ್ಕೆ ಪರದೆ ಸಾಕು. ಈಜಿಗೆ ಮುನ್ನ ಚಿಕಿತ್ಸೆ ಕೊಡುತ್ತಿರುವ ವೈದ್ಯರ ಅಭಿಪ್ರಾಯ ಕೇಳಿ. ನೀರಿಗಿಳಿದರೆ ಕಾಯಿಲೆಯ ವಿಷಯ ತಿಳಿದ, ಈಜು ಬಲ್ಲ ವ್ಯಕ್ತಿ ಅವನ ಪಕ್ಕದಲ್ಲೇ ಇರಬೇಕು.

ಪ್ರಶ್ನೆ: ಮೊಮ್ಮಗ ಕಾಣದಿದ್ದರೆ ಮೊದಲು ಎಲ್ಲಿ ಹುಡುಕಬೇಕು? ನೀರಿನಲ್ಲಿ ಸಿಕ್ಕರೆ ಏನು ಮಾಡಬೇಕು?

ಉತ್ತರ: ಮೊದಲು ನೀರಿನ ಕಡೆ ಓಡಿ. ಅವನು ಮಂಚದಡಿಯಲ್ಲೇ ಇರುವ ಸಾಧ್ಯತೆ ಹೆಚ್ಚಾದರೂ ಸರಿ, ಮಂಚದಡಿಯ ಮಗು ಕಾಯಬಲ್ಲದು. ಇಬ್ಬರಿದ್ದರೆ ಒಬ್ಬರು ಅದೇ ಹೊತ್ತಿಗೆ ತುರ್ತು ಸಹಾಯಕ್ಕೆ ಕರೆ ಮಾಡಿ, ಆಟಿಸಂ ಇದೆ, ನೀರಿನ ಸೆಳೆತವಿದೆ ಎಂದು ತಿಳಿಸಲಿ. ಕೂಗಿ ಉತ್ತರಕ್ಕೆ ಕಾಯುತ್ತಾ ನಿಲ್ಲಬೇಡಿ. ಮುಳುಗುವವರು ಕೈ ಬೀಸಿ ಕಿರುಚುತ್ತಾರೆಂಬುದು ತಪ್ಪು ಕಲ್ಪನೆ. ಬಾಯಿ ನೀರಿನ ಮಟ್ಟದಲ್ಲಿ ಏಳುತ್ತಾ ಬೀಳುತ್ತಾ ಇರುವಾಗ ಉಸಿರಿಗೇ ಬಿಡುವಿಲ್ಲ. ಈ ಹೋರಾಟ ಸಾಮಾನ್ಯವಾಗಿ 20ರಿಂದ 60 ಸೆಕೆಂಡು ನಡೆಯುತ್ತದೆ, ಅದೂ ಸದ್ದಿಲ್ಲದೆ.

ಈಜು ಬಾರದಿದ್ದರೆ ಜಿಗಿಯಬೇಡಿ, ಕೋಲು, ಹಗ್ಗ, ಸೀರೆ ಏನಾದರೂ ಚಾಚಿ. ಮೇಲೆತ್ತಿದ ಮೇಲೆ ತಲೆಕೆಳಗಾಗಿ ತೂಗುವುದು, ಹೊಟ್ಟೆ ಅದುಮಿ ನೀರು ತೆಗೆಯುವುದು ಬೇಡವೇ ಬೇಡ. ಅಮೂಲ್ಯ ಕ್ಷಣಗಳು ಕಳೆದುಹೋಗುತ್ತವೆ, ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ. ಉಸಿರಾಟವಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದರಿಂದಲೇ ಆರಂಭಿಸಿ, ನಂತರ ಎದೆಯ ನಡುವೆ 30 ಒತ್ತುವಿಕೆ, 2 ಉಸಿರು ಎಂಬಂತೆ ನೆರವು ಬರುವವರೆಗೂ ಮುಂದುವರಿಸಿ. ಬರಿಯ ಎದೆ ಒತ್ತುವುದು ಇಲ್ಲಿ ಸಾಲದು, ಏಕೆಂದರೆ ದೇಹಕ್ಕೆ ಕೊರತೆಯಾಗಿರುವುದು ಆಮ್ಲಜನಕ. ಇದನ್ನು ಓದಿ ಕಲಿಯಲಾಗದು. ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಗೊಂಬೆಯ ಮೇಲೆ ಅಭ್ಯಾಸ ಮಾಡಿ, ಮನೆಯ ಇತರರನ್ನೂ ಕರೆದೊಯ್ಯಿರಿ. ಮಗು ಕಣ್ಣುಬಿಟ್ಟು ಎದ್ದು ಕುಳಿತರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಉಸಿರಾಟದ ತೊಂದರೆ ಕೆಲವು ಗಂಟೆಗಳ ಬಳಿಕ ಹೆಚ್ಚಬಹುದು, ಮಾತು ಕಡಿಮೆ ಇರುವ ಮಗು ಅದನ್ನು ನಿಮಗೆ ಹೇಳಲಾರದು.