ನಮ್ಮ ಡಿ ಡಿವಿಷನ್ನು, ತಲೆ ಎಣಿಸುವ ದಿನ

ನೀವು ಬೆಂಗಳೂರಿನವರು ಯಾವಾಗ ಸಿಕ್ಕಿದ್ರೂ ಒಂದೇ ಪ್ರಶ್ನೆ ಕೇಳ್ತೀರಿ, ಕೇರಳದ ಶಾಲೆಯಲ್ಲಿ ಕನ್ನಡದಲ್ಲಿ ಕಲ್ತದ್ದು ಹೇಗೆ, ದಿನಾ ಜಗಳ ಇತ್ತಾ ಅಂತ. ಜಗಳ ಇತ್ತು ಮಾರಾಯ್ರೇ, ಆದ್ರೆ ನೀವು ಗ್ರಹಿಸಿದ ಜಗಳ ಅಲ್ಲ. ನಮ್ಮ ಜಗಳ ಎ ಡಿವಿಷನ್ನಿನ ಹತ್ರ, ಡಿವಿಷನ್ ಅಂದ್ರೆ ನಿಮ್ಮ ಕಡೆಯ ಸೆಕ್ಷನ್.

ಮೊದ್ಲು ಊರಿನ ವಿಷಯ ಸ್ವಲ್ಪ ಹೇಳ್ತೇನೆ, ಇಲ್ಲದಿದ್ರೆ ನಿಮಗೆ ತಲೆಬುಡ ಗೊತ್ತಾಗ್ಲಿಕ್ಕಿಲ್ಲ. ಕಾಸರಗೋಡು 1956 ನವೆಂಬರ್ 1ರವರೆಗೆ ದಕ್ಷಿಣ ಕನ್ನಡಕ್ಕೆ ಸೇರಿದ ತಾಲೂಕು, ಅದೇ ದಿನ ಕೇರಳಕ್ಕೆ ಹೋಯ್ತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಕರ್ನಾಟಕಕ್ಕೆ ಸೇರ್ಬೇಕು ಅಂತ ಹೇಳಿತು, ಅದು ಹೇಳಿದಲ್ಲಿಗೇ ನಿಂತಿತು. ನಾನು ಹೈಸ್ಕೂಲಿಗೆ ಸೇರಿದ್ದು 1978ರಲ್ಲಿ, ಆಗ ಕಾಸರಗೋಡು ಜಿಲ್ಲೆಯೂ ಆಗಿರ್ಲಿಲ್ಲ, ಕಣ್ಣೂರು ಜಿಲ್ಲೆಯ ಬಡಗು ತುದಿ ಅಷ್ಟೆ, ಜಿಲ್ಲೆ ಆದದ್ದು 1984ರಲ್ಲಿ. ದೊಡ್ಡವರು ಸಭೆ ಮಾಡ್ತಿದ್ರು, ಮೆರವಣಿಗೆ ಹೋಗ್ತಿದ್ರು, ನಾವು ಮಕ್ಕಳು ಮಾತ್ರ ಒಂದೇ ಹಂಚಿನ ಮಾಡಿನ ಕೆಳಗೆ ಎ ಬಿ ಸಿ ಮಲಯಾಳ, ಡಿ ಇ ಕನ್ನಡ ಅಂತ ಕೂತುಕೊಳ್ತಿದ್ದೆವು. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಕನ್ನಡಕ್ಕೆ ಯಾವಾಗ್ಲೂ ಕೊನೆಯ ಅಕ್ಷರವೇ ಯಾಕೆ ಸಿಕ್ತದೆ ಅಂತ ಕೇಳ್ಬೇಡಿ, ನಮಗೂ ಅದೇ ಸಿಟ್ಟು ಇತ್ತು.

ಮನೆಯಲ್ಲಿ ಪುಸ್ತಕದ ಕನ್ನಡ ಮಾತಾಡುವವರು ನಮ್ಮ ಕ್ಲಾಸಲ್ಲಿ ನಾಲ್ಕೈದು ಜನ ಇದ್ರೆ ಹೆಚ್ಚು. ಉಳಿದವರದ್ದು ತುಳು, ಹವ್ಯಕ, ಮರಾಟಿ, ಕೊಂಕಣಿ, ಬ್ಯಾರಿ, ಮತ್ತೆ ಮನೆಯಲ್ಲಿ ಮಲಯಾಳವೇ ಮಾತಾಡಿ ಕನ್ನಡ ಕ್ಲಾಸಿಗೆ ಬರುವವರೂ ಇದ್ರು, ಅಪ್ಪ ಕನ್ನಡದಲ್ಲಿ ಕಲ್ತದ್ದು, ಮಗನೂ ಕಲೀಲಿ ಅಂತ. ಆಟದ ಬಯಲಲ್ಲಿ ತುಳು, ಬಸ್ಸಿನಲ್ಲಿ ಕಿಳಿಯ ಹತ್ರ ಕನ್ಸೆಷನ್ನಿಗೆ ಜಗಳ ಮಾಡ್ಲಿಕ್ಕೆ ಮಲಯಾಳ, ಮಾಸ್ಟ್ರ ಎದುರು ಕನ್ನಡ. ಕಿಳಿ ಅಂದ್ರೆ ಬಸ್ಸಿನ ಬಾಗಿಲಲ್ಲಿ ನೇತಾಡುವ ಕ್ಲೀನರ್, ಮಲಯಾಳದಲ್ಲಿ ಹಕ್ಕಿ ಅಂತ ಅರ್ಥ, ಆದ್ರೆ ಸ್ಕೂಲ್ ಮಕ್ಕಳನ್ನು ಕಂಡ್ರೆ ಗಿಡುಗ.

ಸಿ ಮತ್ತು ಡಿ ನಡುವೆ ಗೋಡೆ ಇರ್ಲಿಲ್ಲ, ಒಂದು ಬಿದಿರಿನ ತಟ್ಟಿ. ಆಚೆ ಮಲಯಾಳ ಪದ್ಯ ಬಾಯಿಪಾಠ ಮಾಡಿಸಿದ್ರೆ ಈಚೆ ನಮಗೆ ಬಾಯಿಪಾಠ ಬರ್ತಿತ್ತು, ಈಚೆ ಷಟ್ಪದಿ ರಾಗ ತೆಗೆದ್ರೆ ಅವರು ತಟ್ಟಿಯ ತೂತಿನಲ್ಲಿ ಇಣುಕುವುದು. ಅವರು ಮೇಷ್ಟ್ರಿಗೆ ಮಾಷೇ ಅನ್ನುವುದು, ನಾವು ಸಾರ್. ಹೆಂಗಸರಾದ್ರೆ ಎರಡೂ ಕಡೆ ಟೀಚರೇ.

ಸಮರ ಬಂದ್ರೆ ಮಾತ್ರ ಎಲ್ಲಾ ಡಿವಿಷನ್ ಒಂದು. ಸಮರ ಅಂದ್ರೆ ಯುದ್ಧ ಅಲ್ಲ ಆಯ್ತಾ, ಸ್ಟ್ರೈಕ್. ಕಾಂಗ್ರೆಸ್ಸಿನ ಕಡೆಯ ಕೆಎಸ್‌ಯು, ಮಾರ್ಕ್ಸಿಸ್ಟರ ಕಡೆಯ ಎಸ್‌ಎಫ್‌ಐ ಅಂತ ಮಕ್ಕಳ ಪಾರ್ಟಿ ಹೈಸ್ಕೂಲಿನೊಳಗೇ ಇತ್ತು, ಲೀಡರ್ ಇಲೆಕ್ಷನ್ನಿಗೆ ಬೋರ್ಡು ಬರೆಯುವುದು, ಜಾಥಾ ಹೋಗುವುದು, ಕರ್ನಾಟಕದವರಿಗೆ ಹೇಳಿದ್ರೆ ನಂಬುವುದಿಲ್ಲ. ಲಾಂಗ್ ಬೆಲ್ ಹೊಡೀತು ಅಂದ್ರೆ ಬುತ್ತಿ ಹಿಡ್ಕೊಂಡು ಓಡಿದ್ದೇ, ಎಂತಕ್ಕೆ ಸಮರ ಅಂತ ಯಾರಿಗೆ ಗೊತ್ತು.

ಈಗ ತಲೆ ಎಣಿಸುವ ವಿಷಯ. ಕೇರಳದಲ್ಲಿ ಇಷ್ಟು ಮಕ್ಕಳಿಗೆ ಇಷ್ಟು ಡಿವಿಷನ್, ಇಷ್ಟು ಡಿವಿಷನ್ನಿಗೆ ಇಷ್ಟು ಮಾಸ್ಟ್ರು ಅಂತ ಲೆಕ್ಕ ಉಂಟು, ಶಾಲೆ ಸುರುವಾದ ಮೇಲೆ ಶಿಕ್ಷಣ ಇಲಾಖೆಯ ಆಫೀಸಿನಿಂದ ಬಂದು ತಲೆ ಎಣಿಸ್ತಿದ್ರು. ಈಗ ಆರನೇ ವರ್ಕಿಂಗ್ ಡೇ ಅಂತ ಮಾಡಿದ್ದಾರೆ, ಆಗ ಮಳೆಗಾಲದ ನಡುವಲ್ಲಿ ಯಾವಾಗ ಬರ್ತಾರೆ ಅಂತ ಎಲ್ಲರ ಎದೆ ಡವಡವ. ತಲೆ ಕಮ್ಮಿಯಾದ್ರೆ ಡಿವಿಷನ್ ಫಾಲ್, ಒಬ್ಬ ಮಾಸ್ಟ್ರಿಗೆ ಕೆಲಸ ಹೋಯ್ತು, ಎರಡು ಕ್ಲಾಸು ಒಟ್ಟಿಗೆ ಸೇರಿಸಿ ಕುರಿ ತುಂಬಿಸಿದ ಹಾಗೆ. ಮಲಯಾಳದ ಡಿವಿಷನ್ನಿಗೂ ಈ ಹೆದರಿಕೆ ಇತ್ತು, ಸುಳ್ಳು ಹೇಳ್ಬಾರ್ದು, ಆದ್ರೆ ಅವರದ್ದು ಒಂದು ಬಿದ್ರೆ ಎರಡು ಉಳೀತದೆ, ನಮ್ಮದು ಎರಡರಲ್ಲಿ ಒಂದು ಬಿದ್ರೆ ಅರ್ಧವೇ ಹೋಯ್ತಲ್ಲ.

ನಾನು ಒಂಬತ್ತರಲ್ಲಿದ್ದಾಗ ನಾಳೆ ಬರ್ತಾರೆ ಅಂತ ಸುದ್ದಿ ಬಂತು. ಆಟಿ ತಿಂಗಳ ಮಳೆ, ಹೊಳೆ ಕೆಂಪು ನೀರು ತುಂಬಿ ಹೋಗ್ತಾ ಉಂಟು, ಆಚೆ ಬದಿಯ ನಾಲ್ಕು ಜನ ಸಂಕ ಮುಳುಗಿದೆ ಅಂತ ಒಂದು ವಾರದಿಂದ ಬರ್ಲಿಲ್ಲ. ಅಡಿಕೆ ಮರದ ಸಂಕ ಅದು, ಬೇಸಿಗೆಯಲ್ಲಿ ದಾಟ್ಲಿಕ್ಕೇ ಕಾಲು ನಡುಗ್ತದೆ. ಕನ್ನಡ ಸಾರ್ ಏನೂ ಹೇಳ್ಲಿಲ್ಲ, ಹಾಜರಿ ಪುಸ್ತಕ ಮುಚ್ಚಿ ಕಿಟಕಿಯ ಹೊರಗೆ ನೋಡಿದ್ರು ಅಷ್ಟೆ. ಅವರು ಪೆಟ್ಟು ಕೊಡುವ ಜನ, ಬೆತ್ತ ಮುರಿದ್ರೆ ನಮ್ಮ ಕೈಯಲ್ಲೇ ಹೊಸತು ತರಿಸುವವರು, ಅವರು ಸುಮ್ಮನೆ ಕೂತದ್ದು ನೋಡಿ ನಮಗೆ ಎಂತದೋ ಆಯ್ತು.

ಎ ಡಿವಿಷನ್ನಿನವರು ಆಳಿಲ್ಲಾತ್ತ ಕ್ಲಾಸ್, ಜನ ಇಲ್ಲದ ಕ್ಲಾಸ್, ಅಂತ ತಮಾಷೆ ಮಾಡ್ತಿದ್ದವರು, ಆ ದಿನ ಅವರಲ್ಲೇ ಇಬ್ಬರು ಬಂದು ನಾಳೆ ನಾವು ನಿಮ್ಮಲ್ಲಿ ಬಂದು ಕೂರ್ತೇವೆ, ಆ ನಾಲ್ಕು ಜನರ ಪೈಕಿ ಎರಡು ಹೆಸರಿಗೆ ಹಾಜರ್ ಹೇಳ್ತೇವೆ ಅಂದ್ರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು, ಈಗ ಗೊತ್ತಾಗ್ತದೆ. ನಮ್ಮ ಕ್ಲಾಸ್ ಲೀಡರಿಗೆ ಸಿಟ್ಟು ನೆತ್ತಿಗೇರಿತು, ಡಿ ಡಿವಿಷನ್ನಿಗೆ ಸಾಲದ ತಲೆ ಬೇಡ, ಅಷ್ಟಕ್ಕೂ ನಿನಗೆ ಆ ಹೆಸರು ಕನ್ನಡದಲ್ಲಿ ಬರೀಲಿಕ್ಕೆ ಬರ್ತದಾ ಅಂತ ಕೇಳಿದ. ಬರ್ತಿರ್ಲಿಲ್ಲ ಪಾಪ.

ಸಂಜೆ ಆರು ಜನ ಹೋದೆವು. ಮೇಲ್ಗಡೆ ಎರಡು ಮೈಲು ಸುತ್ತಿದ್ರೆ ಕಲ್ಲಿನ ಸೇತುವೆ ಉಂಟು, ಗುಡ್ಡ ಹತ್ತಿ ತೋಟ ಇಳಿದು ಇಂಬಳ ಕಚ್ಚಿಸಿಕೊಂಡು ಕತ್ತಲೆಗೆ ಅವರ ಮನೆ ಮುಟ್ಟಿದ್ದು, ಒಬ್ಬನ ಅಮ್ಮ ಕಳಿಸುವುದೇ ಇಲ್ಲ ಅಂತ ಹಟ ಮಾಡಿದ್ರು, ಜ್ವರ ಮಗ ಅವನಿಗೆ, ಬೇಕಿದ್ರೆ ನಿಮ್ಮ ಮಾಸ್ಟ್ರನ್ನೇ ಇಲ್ಲಿಗೆ ಬರ್ಲಿಕ್ಕೆ ಹೇಳಿ ಅಂದ್ರು. ಕೊನೆಗೆ ಗಂಜಿ ಬಡಿಸಿ, ಅವನಿಗೆ ಕಂಬಳಿ ಹೊದೆಸಿ ಕಳಿಸಿದ್ರು. ಶಾಲೆಯ ಹತ್ರದ ಒಂದು ಮನೆಯ ಜಗಲಿಯಲ್ಲಿ ಹತ್ತು ಜನ ಸಾಲಾಗಿ ಮಲಗಿದ್ದು ಆ ರಾತ್ರಿ, ಎಣಿಸಿಯೇ ಮಲಗಿದ್ದು.

ಮರುದಿನ ಆಫೀಸರು ಬಂದ್ರು, ಎಣಿಸಿದ್ರು, ಹೋದ್ರು. ಐದು ನಿಮಿಷದ ಕೆಲಸ. ಕಂಬಳಿ ಹೊದ್ದವನನ್ನು ನೋಡಿ ಎಂತ ಆಯ್ತು ಅಂತ ಕೇಳಿದ್ರು, ಮಲಯಾಳದಲ್ಲಿ, ಅವನು ಹಾಜರ್ ಸಾರ್ ಅಂದ. ಡಿವಿಷನ್ ಉಳೀತು.

ಇಷ್ಟೆಲ್ಲಾ ಮಾಡಿದವರು ಕಲಿಯುವುದ್ರಲ್ಲಿ ಹುಲಿಗಳಾ ಅಂತ ಕೇಳಿದ್ರೆ, ಇಲ್ಲ. ಕನ್ನಡ ಮೀಡಿಯಂ ಪುಸ್ತಕ ತಡವಾಗಿ ಬರುವುದು, ಕೆಲವು ವರ್ಷ ಓಣಂ ಪರೀಕ್ಷೆ ಮುಗಿದ ಮೇಲೆ, ಅಷ್ಟರವರೆಗೆ ಹಳೇ ಪುಸ್ತಕ, ಇಲ್ಲಾ ಸಾರ್ ಹೇಳಿ ಬರೆಸಿದ ನೋಟ್ಸು. ಕೇರಳಕ್ಕೆ 44 ನದಿ, 41 ಪಡುವಣಕ್ಕೆ, 3 ಮೂಡಣಕ್ಕೆ ಅಂತ ಈಗಲೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿ, ಹೇಳ್ತೇನೆ, ಆ ಮೂರರಲ್ಲಿ ಕಬಿನಿ ನಿಮ್ಮ ಮೈಸೂರು ಕಡೆಗೆ ಬರುವುದು. ಆದ್ರೆ ಕರ್ನಾಟಕದಲ್ಲಿ ಎಷ್ಟು ಜಿಲ್ಲೆ ಅಂತ ಮಂಗಳೂರಿನ ನೆಂಟ ಹುಡುಗ ಕೇಳಿದಾಗ ನನಗೆ ಗೊತ್ತಿರ್ಲಿಲ್ಲ. 19 ಆಗ. ಎಂತ ಕನ್ನಡಿಗ ನೀನು ಅಂತ ಅವ ನಗಾಡಿದ್ದು ಎ ಡಿವಿಷನ್ನಿನವರ ತಮಾಷೆಗಿಂತ ಹೆಚ್ಚು ತಾಗಿತು, ಅವನಿಗೆ ಕನ್ನಡ ಪುಕ್ಕಟೆ ಸಿಕ್ಕಿದ್ದು, ನಾವು ಹೊಳೆ ಸುತ್ತಿ ಹೋಗಿ ತಂದದ್ದು ಅಂತ ಅವನಿಗೆಲ್ಲಿ ಗೊತ್ತು.

ಎಸೆಸೆಲ್ಸಿ ಆಗ 600 ಮಾರ್ಕಿಗೆ, 210 ಬಂದ್ರೆ ಪಾಸು. ಇನ್ನೂರ ಹತ್ತು ಅನ್ನುವ ಸಂಖ್ಯೆ ನಮ್ಮ ಕಡೆ ಒಂದು ದೇವರ ಹಾಗೆ, ಹರಕೆ ಹೇಳಿಕೊಳ್ಳುವಾಗ ಅಜ್ಜಿಯಂದಿರೂ ಇನ್ನೂರ ಹತ್ತು ಬರ್ಲಿ ಅಂತಲೇ ಹೇಳುವುದು. 1981ರಲ್ಲಿ ನಮ್ಮ ಹತ್ತನೇ ಡಿಯಲ್ಲಿ 38 ಜನ ಬರೆದು 21 ಪಾಸು, ಎ ಡಿವಿಷನ್ನಲ್ಲಿ 44ರಲ್ಲಿ 24. ಅವರ ಪಾಸು ಜಾಸ್ತಿ ಅಂತ ಅವರು ಬೊಬ್ಬೆ ಹೊಡೆದ್ರು, ನಾವು ಬಸ್ ಸ್ಟಾಪಿನ ಮುರಕಲ್ಲಿನ ಕಟ್ಟೆಯ ಮೇಲೆ ಇದ್ದಿಲಿನಲ್ಲಿ ಭಾಗಾಕಾರ ಮಾಡಿ ಐವತ್ತೈದು ಪರ್ಸೆಂಟಿಗೆ ಐವತ್ತನಾಲ್ಕೂವರೆ ಅಂತ ತೋರಿಸಿದೆವು. ಭಾಗಾಕಾರ ಮಾಡಿದವ ಸ್ವತಃ ಲೆಕ್ಕದಲ್ಲಿ ಫೇಲ್, ಆ 17ರಲ್ಲಿ ಅವನೂ ಒಬ್ಬ, ಆದ್ರೂ ಅವನದ್ದೇ ದೊಡ್ಡ ಗಂಟಲು.

ಪಾಸಾದವರಲ್ಲಿ ಕೆಲವರು ಕಾಸರಗೋಡು ಕಾಲೇಜಿಗೆ ಪ್ರಿಡಿಗ್ರಿ, ಕೆಲವರು ಮಂಗಳೂರಿಗೆ ಪಿಯುಸಿ, ಉಳಿದವರು ಬೊಂಬಾಯಿ ಹೋಟೆಲು, ಗಲ್ಫು, ತೋಟ. ಜ್ವರದಲ್ಲಿ ಬಂದವ ಈಗ ಪೇಟೆಯಲ್ಲಿ ಅಡಿಕೆ ಅಂಗಡಿ ಇಟ್ಟಿದ್ದಾನೆ, ಪಕ್ಕದ ಅಂಗಡಿ ನಮಗೆ ತಲೆ ಸಾಲ ಕೊಡ್ತೇನೆ ಅಂದ ಎ ಡಿವಿಷನ್ನಿನವನದ್ದು, ಇಬ್ಬರೂ ತುಳುವಿನಲ್ಲೇ ಮಾತಾಡುವುದು. ಆ ಕಂಬಳಿ ನಾನು ವಾಪಸ್ ಕೊಡ್ಲಿಲ್ಲ ಅಂತ ಆ ಜ್ವರದವ ಈಗಲೂ ಹೇಳ್ತಾನೆ, ಕೊಟ್ಟಿದ್ದೇನೆ ನಾನು.