ಕ್ಲಚ್ ಬಿಗಿಯೆಂದು ಕಾರು ಮಾರುವ ಮೊದಲು

ಹಳೆಯ ಡೀಸೆಲ್ ಕಾರಿನಲ್ಲಿ ದಿನವೂ ಬೆಂಗಳೂರಿನ ವಾಹನ ದಟ್ಟಣೆಯ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವಷ್ಟರಲ್ಲಿ ಎಡ ಮೊಣಕಾಲು ನೋಯುತ್ತದೆ, ಆಟೊಮ್ಯಾಟಿಕ್ ಕೊಳ್ಳುವುದೊಂದೇ ಪರಿಹಾರವೇ ಎಂದು ಕೇಳಿದ್ದೀರಿ. ಅದಕ್ಕೆ ಮೊದಲು, ಅದೇ ಮಾದರಿಯ ಹೊಸದಾದ ಇನ್ನೊಂದು ಕಾರಿನ ಕ್ಲಚ್ ಪೆಡಲನ್ನು ಒಮ್ಮೆ ಒತ್ತಿ ನೋಡಿ. ಕ್ಲಚ್ ಪ್ಲೇಟ್ ಸವೆದಂತೆ, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಕೂರುವ ಕೋನವೇ ಬದಲಾಗಿ ಪೆಡಲ್ ಭಾರವಾಗುತ್ತ ಹೋಗುತ್ತದೆ. ಬದಲಾವಣೆ ನಿಧಾನವಾದ್ದರಿಂದ ದಿನವೂ ಓಡಿಸುವವರಿಗೆ ಅದು ಗೊತ್ತೇ ಆಗುವುದಿಲ್ಲ. ಪೆಡಲಿನಿಂದ ಕ್ಲಚ್ಚಿಗೆ ಕೇಬಲ್ ಇರುವ ಕಾರಾದರೆ ಕೇಬಲ್ಲಿನ ಎಳೆಗಳು ಬಿಚ್ಚಿಕೊಂಡಿರಲೂಬಹುದು, ಅದು ಅಗ್ಗದ ರಿಪೇರಿ.

ಇನ್ನು ಓಡಿಸುವ ರೀತಿ. ಸಮತಟ್ಟಾದ ರಸ್ತೆಯಲ್ಲಿ ಡೀಸೆಲ್ ಎಂಜಿನ್ ಮೊದಲ ಗೇರಿನಲ್ಲಿ, ಕ್ಲಚ್ ಪೂರ್ತಿ ಬಿಟ್ಟ ಮೇಲೆ, ಆಕ್ಸಿಲರೇಟರ್ ಮುಟ್ಟದೆಯೇ ಕಾರನ್ನು ನಿಧಾನವಾಗಿ ಎಳೆದೊಯ್ಯುತ್ತದೆ. ಆದ್ದರಿಂದ ಮುಂದಿನ ವಾಹನ ಎರಡಡಿ ಸರಿದಾಗಲೆಲ್ಲ ನೀವೂ ಸರಿಯದೆ, ಒಂದೆರಡು ಕಾರಿನಷ್ಟು ಜಾಗ ತೆರೆದ ಬಳಿಕ ಹೊರಟರೆ ಕ್ಲಚ್ ಒತ್ತಬೇಕಾದ ಸಂದರ್ಭಗಳು ಬಹಳಷ್ಟು ಕಡಿಮೆಯಾಗುತ್ತವೆ. ಆ ಜಾಗಕ್ಕೆ ಸ್ಕೂಟರುಗಳೂ ಆಟೊಗಳೂ ನುಗ್ಗುವುದು ಖಚಿತ, ನುಗ್ಗಲಿ ಬಿಡಿ. ನಿಂತಾಗ ನ್ಯೂಟ್ರಲ್‌ಗೆ ತಂದು ಪೆಡಲಿನಿಂದ ಕಾಲು ತೆಗೆಯಿರಿ. ಮೇಲ್ಸೇತುವೆಯ ಏರಿನಲ್ಲಿ ಅರ್ಧ ಕ್ಲಚ್ಚಿನ ಮೇಲೆ ಕಾರನ್ನು ತಡೆದಿಡಬೇಡಿ, ಪ್ಲೇಟ್ ಸುಡುತ್ತದೆ. ಅಲ್ಲಿ ಹ್ಯಾಂಡ್‌ಬ್ರೇಕ್ ಬಳಸಿ. ಪೆಡಲನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರುವಂತೆ ಆಸನವನ್ನು ಮುಂದಕ್ಕೆ ತಂದುಕೊಳ್ಳಿ.

ಇಷ್ಟೆಲ್ಲ ಮಾಡಿದರೂ ನೋವು ಉಳಿದರೆ ಮೂಳೆ ವೈದ್ಯರನ್ನು ಕಂಡ ಮೇಲೆ ಆಟೊಮ್ಯಾಟಿಕ್ ನೋಡಬಹುದು. ಆಗ ಎಎಂಟಿ (ಮ್ಯಾನುಯಲ್ ಗೇರ್‌ಬಾಕ್ಸಿನ ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ನಡೆಸುವ ಬಗೆ) ಆರಿಸಿದರೆ ಒಂದು ಮಾತು ನೆನಪಿರಲಿ: ಅದರೊಳಗೂ ಇರುವುದು ಇದೇ ಬಗೆಯ ಸವೆಯುವ ಕ್ಲಚ್, ಒತ್ತುವ ಕೆಲಸ ಮಾತ್ರ ಯಂತ್ರದ್ದು.