ಕುದುರೆಮುಖ ಹತ್ತುವವರು ಚಿಕ್ಕಮಗಳೂರು ಪಟ್ಟಣದಲ್ಲಿ ಉಳಿಯಬೇಡಿ

ಬೇಡ. ಖಂಡಿತ ಬೇಡ.

ಚಿಕ್ಕಮಗಳೂರು ಪಟ್ಟಣದ ಹತ್ತಿರ ಈಜುಕೊಳ ಇರುವ ರೆಸಾರ್ಟ್‌ನಲ್ಲಿ ಎರಡು ರಾತ್ರಿ ಇದ್ದು, ಅಲ್ಲಿಂದಲೇ ಒಂದು ಬೆಳಿಗ್ಗೆ ಹೋಗಿ ಕುದುರೆಮುಖ ಹತ್ತಿ ಬರಬಹುದಾ, ಇಲ್ಲ ಕಳಸದಲ್ಲಿ ಲಾಡ್ಜ್ ಮಾಡಬೇಕಾ ಅಂತ ಕೇಳಿದ್ದೀರಿ. ಜೊತೆಗೆ ವಯಸ್ಸಾದ ಅಪ್ಪ ಅಮ್ಮ, ಕಾಲೇಜಿಗೆ ಹೋಗುವ ಮಗ. ಕಳಸದ ರೂಮುಗಳ ಫೋಟೋ ನೋಡಿ ಮನಸ್ಸಿಗೆ ಬರಲಿಲ್ಲ ಅಂತಲೂ ಬರೆದಿದ್ದೀರಿ. ನಾವೂ ಇದೇ ಲೆಕ್ಕ ಹಾಕಿಕೊಂಡು ಹೋದವರು.

ನಾನು ಹಾಸನದವನು. ಅಕ್ಕ, ಭಾವ ಇರುವುದು ಬೆಂಗಳೂರಿನಲ್ಲಿ. ಅವರ ಮಗಳು ಸಸ್ಯಶಾಸ್ತ್ರ ಓದಿದವಳು, ಮುಂದಿನ ಓದಿಗೆ ಜರ್ಮನಿಗೆ ಹೊರಟಿದ್ದಳು. ಹೋಗುವ ಮೊದಲು ಶೋಲಾ ಕಾಡು ನೋಡಲೇಬೇಕು, ಅದೂ ಕುದುರೆಮುಖದ್ದೇ ಆಗಬೇಕು ಅಂತ ಹಟ ಹಿಡಿದಳು. 'ಗುಡ್ಡದ ಮೈಮೇಲೆಲ್ಲ ಬರೀ ಹುಲ್ಲು ಮಾಮ, ಎರಡು ಗುಡ್ಡ ಸೇರುವ ಸಂದಿಯಲ್ಲಿ ಮಾತ್ರ ದಟ್ಟ ಮರ. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಹೊಳೆಗೆ ಬಿಡೋದು ಅವೇ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟೋದು ಅದೇ ಸಾಲಿನಲ್ಲಿ' ಅಂತ ನನಗೆ ಪಾಠ ಮಾಡಿದ್ದಳು. ಚಾರಣದ ಪರ್ಮಿಟ್ಟನ್ನು ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್‌ನಲ್ಲಿ ಅವಳೇ ಮಾಡಿಸಿದಳು. ಉಳಿಯುವ ಜಾಗ ನೋಡುವ ಕೆಲಸ ನನಗೆ ಬಿತ್ತು.

ಭಾವನಿಗೆ ಸೊಂಟ ನೋವು. ಹಾಸಿಗೆ ಗಟ್ಟಿ ಇರಬೇಕು, ಕಮೋಡ್ ಇರಬೇಕು, ಬೆಳಿಗ್ಗೆ ಬಿಸಿನೀರು ಬೇಕೇ ಬೇಕು. ಇವೆಲ್ಲ ಇರುವ ಹೋಟೆಲ್ ಚಿಕ್ಕಮಗಳೂರಿನಲ್ಲಿ ಸುಲಭವಾಗಿ ಸಿಕ್ಕಿತು. ಕುದುರೆಮುಖವೂ ಚಿಕ್ಕಮಗಳೂರು ಜಿಲ್ಲೆಯೇ ತಾನೇ, ಬೆಳಿಗ್ಗೆ ಬೇಗ ಹೊರಟರಾಯಿತು ಅಂದುಕೊಂಡೆ. ಎಡವಿದ್ದು ಇಲ್ಲೇ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕಂದ್ರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಕೂತಿದೆ.

ನಾನು ರೂಮು ನೋಡಿದೆ, ದಾರಿ ನೋಡಲಿಲ್ಲ. ಪಟ್ಟಣದಿಂದ ಕುದುರೆಮುಖದ ಕಡೆಗೆ ಸುಮಾರು ನೂರು ಕಿಲೋಮೀಟರ್. ಹಾಸನದಿಂದ ಬೆಂಗಳೂರಿಗೆ ಹೋಗುವ ರಸ್ತೆಯಲ್ಲಿ ನೂರು ಕಿಲೋಮೀಟರ್ ಏನೂ ಅಲ್ಲ. ಇಲ್ಲಿ ಮೂಡಿಗೆರೆ ದಾಟಿ ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ಮಂಜು. ಅಲ್ಲಿಂದ ಚಾರ್ಮಾಡಿ ಘಾಟಿಯ ಕಡೆ ಇಳಿಯದೆ ಕಳಸದ ಕಡೆ ತಿರುಗಿದರೆ ತೋಟದ ನಡುವಿನ ರಸ್ತೆ, ತಿರುವಿನ ಮೇಲೆ ತಿರುವು. ಎದುರಿಗೆ ಬಸ್ ಬಂದರೆ ಒಬ್ಬರು ನಿಲ್ಲಲೇಬೇಕು. ಮೂರು ಗಂಟೆ ಹಿಡಿಯುತ್ತದೆ, ಜಾಸ್ತಿಯೂ ಆಗಬಹುದು. ಅಷ್ಟಾದ ಮೇಲೂ ನೀವು ಬೆಟ್ಟದ ಬುಡಕ್ಕೆ ಬಂದಿರುವುದಿಲ್ಲ. ಕಾರನ್ನು ಸಂಸೆಯ ಕಡೆ ಕೆಳಗೇ ಬಿಟ್ಟು, ಮುಳ್ಳೋಡಿಗೆ ಜೀಪಿನಲ್ಲಿ ಹತ್ತಬೇಕು. ಕಲ್ಲು, ಕೊರಕಲು ತುಂಬಿದ ದಾರಿ ಅದು. ನಡಿಗೆ ಶುರುವಾಗುವುದು ಅದಾದ ಮೇಲೆ.

ನಡಿಗೆ ಅಂದರೆ ಹೋಗಿ ಬರಲು ಇಪ್ಪತ್ತು ಕಿಲೋಮೀಟರ್ ಹತ್ತಿರ. ತುದಿಯ ಎತ್ತರ 1,894 ಮೀಟರ್. ಚೆನ್ನಾಗಿ ನಡೆಯುವವರಿಗೂ ಏಳೆಂಟು ಗಂಟೆ ಬೇಕು. ಮೇಲೆ ಟೆಂಟ್ ಹಾಕಿ ಮಲಗಲು ಬಿಡುವುದಿಲ್ಲ, ಕತ್ತಲಾಗುವ ಮೊದಲು ಇಳಿದಿರಬೇಕು. ಹಾಗಾಗಿ ಬೆಳಿಗ್ಗೆ ಹೊತ್ತಾದ ಮೇಲೆ ಬಂದವರನ್ನು ಹತ್ತಲು ಬಿಡುವುದೂ ಇಲ್ಲ. ಸಂಜೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ. ಪಟ್ಟಣದ ಹೋಟೆಲಿನಿಂದ ನೀವು ಹೊರಡಬೇಕಾದ್ದು ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ. ನಿದ್ದೆಗೆಟ್ಟು, ಮಂಜಿನಲ್ಲಿ ಗಾಡಿ ಓಡಿಸಿ, ಆಮೇಲೆ ಬೆಟ್ಟ ಹತ್ತಬೇಕು. ಹಾಗಾದರೆ ಆ ಮೆತ್ತನೆ ಹಾಸಿಗೆಗೆ ದುಡ್ಡು ಕೊಟ್ಟದ್ದು ಯಾಕೆ? ಈ ಲೆಕ್ಕ ಹಾಕಲು ಒಂದು ಚೀಟಿ, ಒಂದು ಪೆನ್ನು ಸಾಕಿತ್ತು. ನಾನು ಹಾಕಲಿಲ್ಲ.

ಆವತ್ತು ಐದಕ್ಕೆ ಹೊರಡುವುದು ಅಂತ ಮಾತಾಗಿತ್ತು. ಹೋಟೆಲಿನಲ್ಲಿ ಬಿಸಿನೀರು ಬಿಡುವುದು ಆರು ಗಂಟೆಗೆ. ಯಾವ ಬಿಸಿನೀರಿಗಾಗಿ ಅಲ್ಲಿ ಉಳಿದೆವೋ ಅದಕ್ಕೇ ಕಾದು ಕೂತೆವು. ಭಾವನ ಸ್ನಾನ ಆಗಿ ಹೊರಟಾಗ ಬೆಳಕಾಗಿತ್ತು. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತೆವು. ಮುಂದಿನ ತಿರುವುಗಳಲ್ಲಿ ಅಕ್ಕನಿಗೆ ವಾಂತಿ, ಮತ್ತೆ ನಿಂತೆವು. ಜೀಪು ಸಿಗುವ ಜಾಗಕ್ಕೆ ಬಂದರೆ ಬೆಳಗಿನ ಜೀಪುಗಳೆಲ್ಲ ಜನರನ್ನು ಬಿಟ್ಟು ಖಾಲಿ ಇಳಿಯುತ್ತಿದ್ದವು. ಮುಳ್ಳೋಡಿ ತಲುಪಿದಾಗ ಹನ್ನೊಂದು ದಾಟಿತ್ತು.

ಅಲ್ಲಿದ್ದ ಅರಣ್ಯ ಸಿಬ್ಬಂದಿ ನಮ್ಮ ಪರ್ಮಿಟ್ ನೋಡಿದರು, ಗಡಿಯಾರ ನೋಡಿದರು.

'ಎಲ್ಲಿ ಉಳಿದಿದ್ರಿ?'

'ಚಿಕ್ಕಮಗಳೂರಲ್ಲಿ.'

'ಅಲ್ಲಿಂದ ಹೊರಟು ಇದನ್ನ ಹತ್ತೋದಾ ಮಾರಾಯ್ರೇ? ಈಗ ಬಿಟ್ರೆ ಇಳಿಯೋ ಹೊತ್ತಿಗೆ ಕತ್ತಲೆ. ಕಾಟಿ ಓಡಾಡೋ ಜಾಗ ಇದು.'

ಕಾಟಿ ಅಂದರೆ ಕಾಡುಕೋಣ. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಹುಡುಗಿ ಒಂದು ಮಾತೂ ಆಡಲಿಲ್ಲ. ಬ್ಯಾಗಿನಿಂದ ಭೂತಗನ್ನಡಿ ತೆಗೆದು, ಗೇಟಿನ ಈಚೆ ಬೇಲಿ ಬದಿಯಲ್ಲಿದ್ದ ಜರಿಗಿಡದ ಎಲೆ ಮಗುಚಿ, ಅದರ ಬೆನ್ನಿಗಂಟಿದ ಕಂದು ಚುಕ್ಕೆಗಳನ್ನು ನೋಡುತ್ತಾ ಕೂತಳು. ಮರುದಿನಕ್ಕೆ ಪರ್ಮಿಟ್ ಇರಲಿಲ್ಲ. ಅವಳು ಬೆಂಗಳೂರಿಗೆ ವಾಪಸ್ ಹೋಗಲೇಬೇಕಿತ್ತು. ಇವತ್ತಿನವರೆಗೂ ಅವಳು ಆ ಬೆಟ್ಟ ಹತ್ತಿಲ್ಲ. ವಿಡಿಯೋ ಕಾಲ್‌ನಲ್ಲಿ ಈ ಮಾತು ಬಂದರೆ ನನಗೆ ಈಗಲೂ ಕಷ್ಟ ಆಗುತ್ತದೆ.

ಮುಂದೊಮ್ಮೆ ಗೆಳೆಯರ ಜೊತೆ ಹೋದಾಗ ಹಿಂದಿನ ಸಂಜೆಯೇ ಮುಳ್ಳೋಡಿಯ ಒಂದು ಹೋಂಸ್ಟೇ ಸೇರಿಕೊಂಡೆ. ಅಲ್ಲಿನ ಅನುಕೂಲ, ಅನನುಕೂಲ ಎರಡನ್ನೂ ಕೇಳಿಬಿಡಿ. ಒಂದೇ ಕೋಣೆಯಲ್ಲಿ ಸಾಲಾಗಿ ಹಾಸಿಗೆ. ಬಚ್ಚಲಿಗೆ ಸರದಿ. ಬಿಸಿನೀರು ಹಂಡೆಯದ್ದು, ಒಲೆಗೆ ಕಟ್ಟಿಗೆ ತುರುಕಿ ಕಾಯಿಸಿದ್ದು, ಬಕೆಟ್‌ನಲ್ಲಿ ಹೊಗೆಯ ವಾಸನೆ. ಕರೆಂಟು ಹೋಗುತ್ತದೆ. ಫೋನಿಗೆ ಸಿಗ್ನಲ್ ಸಿಕ್ಕರೆ ಪುಣ್ಯ. ರಾತ್ರಿ ಊಟಕ್ಕೆ ಬಿಸಿ ಅಕ್ಕಿರೊಟ್ಟಿ. ಬಡಿಸಿದ ಅಮ್ಮ ಪ್ರತಿಯೊಬ್ಬರ ಬೂಟನ್ನೂ ನೋಡಿ, 'ಇಂಬಳ ಉಂಟು, ಕಾಲುಚೀಲಕ್ಕೆ ಉಪ್ಪು ಸವರ್ಕೊಳ್ಳಿ' ಅಂತ ಜಿಗಣೆ ಹತ್ತದ ಹಾಗೆ ಉಪ್ಪಿನ ಡಬ್ಬಿ ಕೊಟ್ಟರು. ಮಧ್ಯಾಹ್ನದ ಬುತ್ತಿ, ಜೀಪು, ಗೈಡ್ ಎಲ್ಲ ಅವರೇ ನೋಡಿಕೊಂಡರು. ಬೆಳಿಗ್ಗೆ ಬೇರೆ ಕಡೆಯಿಂದ ಬರುವ ಜೀಪುಗಳ ಸದ್ದು ಕೇಳುವ ಹೊತ್ತಿಗೆ ನಾವು ಮೊದಲ ಹಳ್ಳ ದಾಟಿ ಆಗಿತ್ತು.

ಬೇಗ ಹೊರಟರೆ ಏನು ಲಾಭ ಅಂತ ಅವತ್ತು ಗೊತ್ತಾಯಿತು. ಒಂಟಿಮರದ ಹತ್ತಿರ ಹೋದಾಗ ಬಿಸಿಲು ಇನ್ನೂ ಎದುರಿನ ಗುಡ್ಡದ ನೆತ್ತಿಯಲ್ಲಿತ್ತು. ಅವಳು ಹೇಳಿದ್ದ ಕಾಡು ಹಾಗೇ ಕಾಣುತ್ತಿತ್ತು. ಎರಡು ಗುಡ್ಡದ ಸಂದಿಯಲ್ಲಿ ಕಪ್ಪು ಹಸಿರು, ಮೇಲೆಲ್ಲ ತಿಳಿ ಹಸಿರು, ನಡುವೆ ಗೆರೆ ಕೊಯ್ದ ಹಾಗೆ ಅಂಚು. ಆ ಕಾಡಿನೊಳಗೆ ಕಾಲಿಟ್ಟರೆ ತಂಪು, ಕಲ್ಲಿನ ಮೇಲೆಲ್ಲ ಪಾಚಿ, ಹೊರಗೆ ಬಂದರೆ ಟೋಪಿ ಹಾರಿಸುವ ಗಾಳಿ. ತಡವಾಗಿ ಹೊರಟವರು ಏರು ಹತ್ತುವುದೇ ಬಿಸಿಲಿನಲ್ಲಿ. ಮೇಲೆ ಹೋದ ಮೇಲೂ ಬೇಗ ಇಳೀರಿ ಅಂತ ಗೈಡ್ ಅವಸರ ಮಾಡುತ್ತಾರೆ, ನಿಂತು ನೋಡಲು ಪುರುಸೊತ್ತೇ ಇರುವುದಿಲ್ಲ.

ಈಗ ನಿಮ್ಮ ವಿಷಯ. ರೆಸಾರ್ಟಾ ಲಾಡ್ಜಾ ಅನ್ನುವುದು ಪ್ರಶ್ನೆಯೇ ಅಲ್ಲ. ಗೇಟಿಗೆ ಎಷ್ಟು ಹತ್ತಿರ ಮಲಗುತ್ತೀರಿ ಅನ್ನುವುದೊಂದೇ ಪ್ರಶ್ನೆ. ಈಜುಕೊಳ ಬೆಂಗಳೂರಿನಲ್ಲೂ ಇದೆ ಅಲ್ವಾ? ಇದು 1987ರಲ್ಲಿ ರಾಷ್ಟ್ರೀಯ ಉದ್ಯಾನ ಆದ ಕಾಡು, 600 ಚದರ ಕಿಲೋಮೀಟರ್, ಮೂರು ಜಿಲ್ಲೆಗೆ ಹರಡಿದೆ. 'ಕುದುರೆಮುಖ ವ್ಯೂ' ಅಂತ ಬೋರ್ಡ್ ಹಾಕಿದ ಹೋಂಸ್ಟೇ ಎಲ್ಲಿ ಬೇಕಾದರೂ ಇರಬಹುದು. ಫೋನ್ ಮಾಡಿದಾಗ ವ್ಯೂ ಕೇಳಬೇಡಿ. ಯಾವ ಊರು, ಮುಳ್ಳೋಡಿಯ ಗೇಟಿಗೆ ಎಷ್ಟು ಹೊತ್ತು, ಜೀಪು ಎಲ್ಲಿ ಹತ್ತಬೇಕು, ಬೆಳಿಗ್ಗೆ ಎಷ್ಟಕ್ಕೆ ತಿಂಡಿ ಕೊಡ್ತೀರಿ ಅಂತ ಕೇಳಿ. ಸರಿಯಾಗಿ ಉತ್ತರ ಕೊಡದವರಿಗೆ ಅಡ್ವಾನ್ಸ್ ಹಾಕಬೇಡಿ.

ಅಪ್ಪ ಅಮ್ಮನನ್ನು ಮುಳ್ಳೋಡಿಗೆ ಕರೆದೊಯ್ಯಬೇಡಿ. ಆ ಜೀಪು ದಾರಿ ಅವರಿಗೆ ಸುಮ್ನೆ ಹಿಂಸೆ. ಅವರಿಗೆ ಕಳಸವೇ ಸರಿ. ರೂಮು ಸಾಧಾರಣ ಇರುತ್ತದೆ, ಆದರೆ ಈಗ ಅದು ತಾಲ್ಲೂಕು ಕೇಂದ್ರ, ಬಸ್ಸು, ಔಷಧಿ ಅಂಗಡಿ, ಊಟ ಎಲ್ಲ ಕಾಲ್ನಡಿಗೆಯಲ್ಲೇ ಸಿಗುತ್ತವೆ. ನೀವಿಬ್ಬರು ಬೆಟ್ಟ ಹತ್ತುವ ದಿನ ಅವರು ಕಳಸೇಶ್ವರನ ದರ್ಶನ ಮಾಡಿಕೊಂಡು, ಹೊರನಾಡಿಗೆ ಹೋಗಿ ಅನ್ನಪೂರ್ಣೇಶ್ವರಿಯ ಪ್ರಸಾದದ ಊಟ ಮಾಡಿ ಬರಲಿ. ಎರಡೂ ಊರು ಹತ್ತಿರ ಹತ್ತಿರ.

ಅವರೂ ಕಾಡು ನೋಡಬೇಕು ಅಂದರೆ ಮರುದಿನ ಕುದುರೆಮುಖ ಪಟ್ಟಣದ ಮೇಲೆ ಎಸ್.ಕೆ. ಬಾರ್ಡರ್ (ಸೌತ್ ಕೆನರಾ, ಅಂದರೆ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಗಡಿ) ಕಡೆಗೆ ಕಾರಿನಲ್ಲೇ ಹೋಗಿ ಬನ್ನಿ. 2005ರ ಕೊನೆಗೆ ಅದಿರು ಗಣಿ ನಿಂತ ಮೇಲೆ ಖಾಲಿಯಾದ ಪಟ್ಟಣ ಅದು. ಸಾಲು ಸಾಲು ಕ್ವಾರ್ಟರ್ಸ್ ನೋಡಿದರೆ ಎಂಥ ಊರಾಗಿತ್ತು ಅಂತ ಗೊತ್ತಾಗುತ್ತದೆ. ರಸ್ತೆಯ ಎರಡೂ ಬದಿ ಕಾಡು. ಮರದ ಮೇಲೆ ಸಿಂಗಳೀಕ ಕಂಡರೂ ಕಾಣಬಹುದು. ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಕೊಟ್ಟರೆ ಜೋಪಾನ, ಕಂಡ ಕಂಡಲ್ಲಿ ಕಾರು ನಿಲ್ಲಿಸಬೇಡಿ. ಅದೇ ದಾರಿಯಲ್ಲಿ ಅರಣ್ಯ ಇಲಾಖೆಯ ಭಗವತಿ ಪ್ರಕೃತಿ ಶಿಬಿರ ಇದೆ. ಕಾಡಿನೊಳಗೇ ಮಲಗುವ ಆಸೆ ಇದ್ದರೆ ನನ್ನ ಮೊದಲ ಆಯ್ಕೆ ಅದು. ಕುರಿಂಜಾಲ್ ಬೆಟ್ಟದ ಚಾರಣ ಶುರುವಾಗುವುದೂ ಅಲ್ಲಿಂದಲೇ, ಕುದುರೆಮುಖಕ್ಕಿಂತ ಚಿಕ್ಕದು. ಮಗನ ಕಾಲಿನ ಮೇಲೆ ನಂಬಿಕೆ ಇಲ್ಲದಿದ್ದರೆ ಅದನ್ನೇ ಆರಿಸಿಕೊಳ್ಳಿ. ಮುಖ್ಯ ಶಿಖರವೇ ಆಗಬೇಕು ಅನ್ನುವ ಹಟ ಬೇಡ.

ಇನ್ನೊಂದು ಮಾತು. ನಿಮ್ಮ ಪ್ರಶ್ನೆಯಲ್ಲಿ 'ಸಫಾರಿ ಎಷ್ಟು ಹೊತ್ತಿಗೆ' ಅಂತ ಇದೆ. ಕುದುರೆಮುಖ ಬಂಡೀಪುರ, ನಾಗರಹೊಳೆ ಥರ ಜೀಪಿನಲ್ಲಿ ಕೂತು ಪ್ರಾಣಿ ನೋಡುವ ಜಾಗ ಅಲ್ಲ. ಮನೆಯವರಿಗೆಲ್ಲ ನಿಜವಾಗಿ ಬೇಕಿರುವುದು ಸಫಾರಿ ಆದರೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಹೋಗಿ. ಮುತ್ತೋಡಿಯ ಕಡೆಯಿಂದ ಹೋಗುವುದಾದರೆ ಚಿಕ್ಕಮಗಳೂರು ಪಟ್ಟಣದಲ್ಲಿ ಉಳಿಯುವುದು ನಡೆಯುತ್ತದೆ, ಮುಳ್ಳಯ್ಯನಗಿರಿಯನ್ನೂ ಸೇರಿಸಿಕೊಳ್ಳಬಹುದು. ನೀರು, ದೋಣಿ, ಹಕ್ಕಿ ಬೇಕಾದರೆ ತರೀಕೆರೆ ಕಡೆಯ ಲಕ್ಕವಳ್ಳಿ. ಆಗ ಕುದುರೆಮುಖವನ್ನು ಈ ಪ್ರವಾಸದಿಂದ ಪೂರ್ತಿ ಬಿಟ್ಟುಬಿಡಿ. ಎರಡು ರಾತ್ರಿಯಲ್ಲಿ ಎರಡನ್ನೂ ತುರುಕಿದರೆ ಕಾರಿನ ಕಿಟಕಿಯಿಂದ ನೋಡಿದ್ದಷ್ಟೇ ಉಳಿಯುತ್ತದೆ.

ಕುದುರೆಮುಖವೇ ಬೇಕು ಅಂತಾದರೆ ಮೊದಲು ಪರ್ಮಿಟ್, ಆಮೇಲೆ ರೂಮು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಶನಿವಾರ ಭಾನುವಾರದ್ದು ಬೇಗ ಮುಗಿಯುತ್ತದೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ, ಮಳೆಗಾಲದಲ್ಲಿ ಮಳೆ ಜೋರಾದರೆ ಚಾರಣ ನಿಲ್ಲಿಸುವುದೂ ಉಂಟು. ರೂಮಿಗೆ ದುಡ್ಡು ಕಟ್ಟಿ ಆಮೇಲೆ ಪರದಾಡಬೇಡಿ. ಆದಷ್ಟು ವಾರದ ನಡುವೆ ಬನ್ನಿ. ರೆಸಾರ್ಟಿನ ಆಸೆ ಬಿಡಲಾಗದಿದ್ದರೆ ಬೆಟ್ಟ ಇಳಿದ ಮಾರನೇ ರಾತ್ರಿಗೆ ಇಟ್ಟುಕೊಳ್ಳಿ, ಕಾಲು ನೋವಿಗೆ ಹಿತವಾಗಿರುತ್ತದೆ. ಪರ್ಮಿಟ್ ಸಿಕ್ಕ ತಾರೀಕು ಇಲ್ಲಿ ಬರೆಯಿರಿ. ಹಾಸನದ ಮೇಲೆ ಬರುವುದಾದರೆ ಎಷ್ಟಕ್ಕೆ ಹೊರಟರೆ ಬೆಳಕಿರುವಾಗಲೇ ಮುಳ್ಳೋಡಿ ಸೇರಬಹುದು ಅಂತ ಲೆಕ್ಕ ಹಾಕಿ ಹೇಳುತ್ತೇನೆ.